ಹರಿದ ಬಲೆ ಹೊಯಿಗೆಯಲ್ಲಿ ಬಿಡಬೇಡಿ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ನಮ್ಮ ಕುಂಬಳೆ ಅಳಿವೆಗೆ ಬರುವ ಕಡಲಕ್ಕಿಗಳಲ್ಲಿ ಒಂದು ಜಾತಿ ಉಳಿದವಕ್ಕಿಂತ ತುಂಬಾ ದೊಡ್ಡದು. ಹೆಸರು ಪಲ್ಲಾಸ್ ಗಲ್. ರೆಕ್ಕೆ ಬಿಚ್ಚಿದರೆ ಸುಮಾರು 5 ಅಡಿ. ಮರಿ ಮಾಡುವುದು ದೂರದ ಮಧ್ಯ ಏಷ್ಯಾದಲ್ಲಿ. ಮರಿಗಳಿಗೆ ದೊಡ್ಡ ಹಕ್ಕಿಯ ಬಣ್ಣ ಬರಲು ಸುಮಾರು 4 ವರ್ಷ ಬೇಕು. ಹಾಗಾಗಿ ಗುಂಪಿನಲ್ಲಿ ಕಂದು ಮಚ್ಚೆಯವು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ. ವಾಪಸ್ ಹೋಗುವ ಮೊದಲು ಬಿಳಿ ತಲೆ ಪೂರ್ತಿ ಕಪ್ಪಾಗುತ್ತದೆ. ಹಳದಿ ಕೊಕ್ಕು, ತುದಿಯ ಹತ್ತಿರ ಕೆಂಪು, ಅಡ್ಡಕ್ಕೊಂದು ಕಪ್ಪು ಪಟ್ಟಿ. ಎಷ್ಟು ಚಂದ ಅಲ್ವಾ!

ಮೊನ್ನೆ ಒಂದು ಹಕ್ಕಿಯ ಕಾಲಿಗೆ ನೈಲಾನ್ ಬಲೆಯ ಚೂರು ಬಿಗಿದಿತ್ತು. ಹತ್ತಿರ ಹೋದರೆ ಕುಂಟುತ್ತಾ ನೀರಿಗಿಳಿಯಿತು. ಹೊಟ್ಟೆ ಚುರ್ ಅಂದಿತು. ದೋಣಿಯ ಅಣ್ಣಂದಿರೇ, ಹರಿದ ಬಲೆಯನ್ನು ಸುಮ್ನೆ ಹೊಯಿಗೆಯಲ್ಲಿ ಬಿಡಬೇಡಿ, ದಯವಿಟ್ಟು ಮನೆಗೆ ಒಯ್ಯಿರಿ.

— ಓದುಗ, ಕುಂಬಳೆ