ರೋಬಾಟ್‌ಗಿಂತ ಮೊದಲು ಸ್ಕ್ಯಾನ್ ಸಿಗಲಿ

ಯಕೃತ್ತು ಮತ್ತು ಪಿತ್ತನಾಳದ ಕ್ಯಾನ್ಸರ್‌ಗೆ ರೋಬಾಟಿಕ್ ಶಸ್ತ್ರಚಿಕಿತ್ಸೆ ಕುರಿತ ವರದಿ ಓದಿ ಸಂತೋಷವಾಯಿತು. ಆದರೆ ಕೊಡಗಿನ ರೋಗಿ ಅಂಥ ಶಸ್ತ್ರಚಿಕಿತ್ಸೆ ಸಿಗುವ ಆಸ್ಪತ್ರೆಗೆ ಸಕಾಲದಲ್ಲಿ ತಲುಪುವುದೇ ಕಷ್ಟ. ಕೆಲವೇ ಮಿಲಿಮೀಟರ್ ಅಗಲದ ಪಿತ್ತನಾಳವನ್ನು ಕರುಳಿಗೆ ಹೊಲಿಯುವಾಗ ಯಂತ್ರದ ತೋಳು ನಡುಗುವುದಿಲ್ಲ, ನಿಜ. (ಅದನ್ನು ಆಡಿಸುವವರು ವೈದ್ಯರೇ ಎಂಬುದು ಹಲವರಿಗೆ ಮರೆತುಹೋಗುತ್ತದೆ.) ಗಡ್ಡೆ ಮುಖ್ಯ ರಕ್ತನಾಳಗಳನ್ನು ಸುತ್ತಿಕೊಂಡ ಮೇಲೆ ಆ ನಾಜೂಕು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಕಣ್ಣು ಹಳದಿಯಾದರೆ ನಮ್ಮಲ್ಲಿ ಮೊದಲು ನೆನಪಾಗುವುದು ನಾಟಿ ಔಷಧಿ. ಕಳೆದ ಕಾಫಿ ಕೊಯ್ಲಿನ ವೇಳೆ ನಮ್ಮ ತೋಟದ ಕಾರ್ಮಿಕರೊಬ್ಬರು ಮೈ ಕೆರೆದುಕೊಳ್ಳುತ್ತಲೇ ಒಂದೂವರೆ ತಿಂಗಳು ಸೊಪ್ಪಿನ ರಸ ಕುಡಿದರು. ಮೂತ್ರ ಕಡುಬಣ್ಣಕ್ಕೆ ತಿರುಗಿತ್ತು, ಮಲ ಬಿಳಿಚಿಕೊಂಡಿತ್ತು. ಇವು ಪಿತ್ತನಾಳ ಕಟ್ಟಿಕೊಂಡಿರುವುದರ ಲಕ್ಷಣಗಳೆಂದು ಯಾರೂ ಹೇಳಿರಲಿಲ್ಲ. ಮೈಸೂರಿಗೆ ಕರೆದೊಯ್ಯುವಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು.

ಇಂತಹ ಲಕ್ಷಣಗಳಿರುವ ಕಾಮಾಲೆ ರೋಗಿಗಳಿಗೆ ಅದೇ ವಾರ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಹೊಟ್ಟೆಯ ಸ್ಕ್ಯಾನ್ ಮಾಡುವ ವ್ಯವಸ್ಥೆಯಾಗಲಿ. ಯಕೃತ್ತಿನ ತಜ್ಞರು ತಿಂಗಳಿಗೊಮ್ಮೆಯಾದರೂ ಮಡಿಕೇರಿಗೆ ಬಂದು ರೋಗಿಗಳನ್ನು ನೋಡುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಲಿ.

– ಕಾಫಿ ಬೆಳೆಗಾರ, ಸೋಮವಾರಪೇಟೆ