ಜಿಂಕ್ ಜಾಸ್ತಿ ಇದ್ರೆ ಒಳ್ಳೆ ಆಯಿಲ್ ಅನ್ನೋ ಲೆಕ್ಕ ಸರಿಯಿಲ್ಲ

ಸಂಪಾದಕರಿಗೆ ನಮಸ್ಕಾರ,

ಮಿನರಲ್ ಎಂಜಿನ್ ಆಯಿಲ್‌ಗಳ ಲ್ಯಾಬ್ ರಿಪೋರ್ಟ್ ಪಕ್ಕಪಕ್ಕ ಇಟ್ಕೊಂಡು ಇದ್ರಲ್ಲಿ ಜಿಂಕ್ ಇಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಅದ್ರಲ್ಲಿ ಕಮ್ಮಿ, ಹಾಗಾಗಿ ಇದೇ ಬೆಸ್ಟು ಅಂತ ತೀರ್ಮಾನ ಮಾಡೋದು ಈಗ ಬಹಳ ಜಾಸ್ತಿ ಆಗಿದೆ. ಹೋಲಿಸ್ಲೇಬೇಕು, ಅದ್ರಲ್ಲಿ ತಪ್ಪಿಲ್ಲ, ಆದ್ರೆ ಆ ನಂಬರ್ ಯಾವುದಕ್ಕೆ ಅಂತ ತಿಳೀದೆ ಆಯಿಲ್ ಆರಿಸಿದ್ರೆ ಪೆಟ್ಟು ಬೀಳೋದು ಎಂಜಿನ್‌ಗೇ.

ಜಿಂಕ್ ಬರೋದು ಸವೆತ ತಡೆಯೋಕೆ ಆಯಿಲ್‌ಗೆ ಸೇರಿಸೋ ಝಡ್‌ಡಿಡಿಪಿ ಅನ್ನೋ ಅಡಿಟಿವ್‌ನಿಂದ, ಅದ್ರ ಜೊತೆಗೇ ಫಾಸ್ಫರಸ್ಸೂ ಬರುತ್ತೆ. ಎಂಜಿನ್‌ನ ವಾಲ್ವ್ ತೆರೆಯೋ ಕ್ಯಾಮ್, ಟ್ಯಾಪೆಟ್ ಉಜ್ಜೋ ಜಾಗದಲ್ಲಿ ಬಿಸಿಗೆ, ಒತ್ತಡಕ್ಕೆ ಇದು ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪದರ ಕಟ್ಟುತ್ತೆ, ಲೋಹದ ಬದಲು ಆ ಪದರ ಸವೆಯುತ್ತೆ, ಸವೆದ ಕಡೆ ಆಯಿಲ್‌ನಲ್ಲಿ ಉಳಿದಿರೋ ಝಡ್‌ಡಿಡಿಪಿ ಮತ್ತೆ ಕಟ್ಟುತ್ತೆ. ಅದಕ್ಕೆ ಬೇಕಾದಷ್ಟು ಇದ್ರೆ ಸಾಕು, ಎರಡು ಪಟ್ಟು ಇದ್ರೆ ಎಂಜಿನ್ ಎರಡು ಪಟ್ಟು ಬಾಳಲ್ಲ. ಮೇಲಾಗಿ ಎಂಜಿನ್‌ನಲ್ಲಿ ಉರಿದುಹೋಗೋ ಆಯಿಲ್‌ನ ಫಾಸ್ಫರಸ್ ಹೊಗೆ ಶುದ್ಧ ಮಾಡೋ ಕೆಟಲಿಟಿಕ್ ಕನ್ವರ್ಟರ್‌ನ ಹಾಳು ಮಾಡುತ್ತೆ, ಅದಕ್ಕೇ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 2004ರಲ್ಲಿ ತಂದ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯೂ-30 ಥರದ ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ 600ರಿಂದ 800 ಪಿಪಿಎಂ ಒಳಗೇ ಇರ್ಬೇಕು. ದಪ್ಪ ಗ್ರೇಡ್ ಆದ 20ಡಬ್ಲ್ಯೂ-50ಗೆ ಆ ಮೇಲಿನ ಮಿತಿ ಇಲ್ಲ. ಇವೆರಡನ್ನೂ ಒಂದೇ ಟೇಬಲ್‌ನಲ್ಲಿ ಹಾಕಿ ಒಂದಕ್ಕೆ ಫಸ್ಟ್ ರ‍್ಯಾಂಕ್ ಕೊಟ್ರೆ ಏನು ಅರ್ಥ? ಕ್ಯಾಮ್ ನೇರವಾಗಿ ಟ್ಯಾಪೆಟ್ ಮೇಲೆ ಉಜ್ಜೋ ಹಳೇ ಫ್ಲಾಟ್ ಟ್ಯಾಪೆಟ್ ಎಂಜಿನ್‌ಗೆ ಝಡ್‌ಡಿಡಿಪಿ ಜಾಸ್ತಿ ಬೇಕು ಅನ್ನೋದು ನಿಜ, ಆದ್ರೆ ಅದನ್ನೇ ಹೊಸ ಕಾರಿಗೂ ಅನ್ವಯಿಸಬಾರದು.

ಕ್ಯಾಲ್ಸಿಯಂ ವಿಷಯದಲ್ಲಂತೂ ಗೊಂದಲ ಇನ್ನೂ ಜಾಸ್ತಿ. ಅದು ಎಂಜಿನ್ ಒಳಗೆ ಚೊಕ್ಕಟ ಇಡೋ ಡಿಟರ್ಜೆಂಟ್‌ನಲ್ಲಿ ಇರೋದು, ಆಯಿಲ್‌ನಲ್ಲಿ ಸೇರೋ ಆಸಿಡ್‌ನ ಕೊಲ್ಲುತ್ತೆ. ಆದ್ರೆ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಕ್ಯಾಲ್ಸಿಯಂ ಜಾಸ್ತಿ ಆದ್ರೆ ಕಮ್ಮಿ ಆರ್‌ಪಿಎಂನಲ್ಲಿ ಸ್ಪಾರ್ಕ್‌ಗಿಂತ ಮುಂಚೆನೇ ಇಂಧನ ಹೊತ್ಕೊಳ್ಳುತ್ತೆ, ಪಿಸ್ಟನ್ನೇ ಒಡೆದುಹೋಗಬಹುದು. ಅದಕ್ಕೆ 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ಅನ್ನೋ ಎಪಿಐ ದರ್ಜೆಗಳು ಬಂದ ಮೇಲೆ ಸುಮಾರು ಆಯಿಲ್‌ಗಳಲ್ಲಿ ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಸೇರಿಸಿದ್ರು. ಮೆಗ್ನೀಸಿಯಂನ ಪರಮಾಣು ತೂಕ 24, ಕ್ಯಾಲ್ಸಿಯಂದು 40, ಅಂದ್ರೆ ಅಷ್ಟೇ ಆಸಿಡ್ ಕೊಲ್ಲೋಕೆ ಮೆಗ್ನೀಸಿಯಂ ಕಮ್ಮಿ ಪಿಪಿಎಂನಲ್ಲೇ ಸಾಕಾಗುತ್ತೆ. ರಿಪೋರ್ಟ್ ನೋಡಿದವ್ರು ಮಾತ್ರ ಕಂಪನಿ ಡಿಟರ್ಜೆಂಟ್ ಕದ್ದಿದೆ ಅಂತಾರೆ! ಅಲ್ಲಿ ನೋಡ್ಬೇಕಾದ್ದು ಟಿಬಿಎನ್, ಅಂದ್ರೆ ಆಯಿಲ್‌ಗೆ ಒಟ್ಟು ಎಷ್ಟು ಆಸಿಡ್ ಕೊಲ್ಲೋ ಶಕ್ತಿ ಇದೆ ಅನ್ನೋ ಅಳತೆ.

ಇನ್ನೊಂದು ಮುಖ್ಯ ವಿಷಯ, ಈ ಪಿಪಿಎಂ ನಂಬರ್ ಕೊಡೋ ಲ್ಯಾಬ್ ಟೆಸ್ಟ್‌ನಲ್ಲಿ ಆಯಿಲ್‌ನ ಸಾವಿರಾರು ಡಿಗ್ರಿ ಬಿಸಿ ಇರೋ ಆರ್ಗಾನ್ ಪ್ಲಾಸ್ಮಾಗೆ ಸಿಂಪಡಿಸಿ ಯಾವ ಧಾತು ಯಾವ ಬೆಳಕು ಬಿಡುತ್ತೆ ಅಂತ ಅಳೀತಾರೆ. ಜಿಂಕ್, ಬೋರಾನ್, ಮಾಲಿಬ್ಡಿನಂ ಎಲ್ಲ ಸಿಗುತ್ತೆ, ಆದ್ರೆ ಮಸಿ ಗಟ್ಟಿಯಾಗದ ಹಾಗೆ ನೋಡ್ಕೊಳ್ಳೋ ಡಿಸ್ಪರ್ಸೆಂಟು, ಆಯಿಲ್ ಬೇಗ ಹಳಸದ ಹಾಗೆ ತಡೆಯೋ ಅಮೀನ್, ಫೀನಾಲ್ ಥರದ ಆಂಟಿಆಕ್ಸಿಡೆಂಟು ಸಾಮಾನ್ಯವಾಗಿ ಕಾರ್ಬನ್, ಹೈಡ್ರೋಜನ್ ಥರದ, ಈ ರಿಪೋರ್ಟ್ ಅಳೆಯದ ಧಾತುಗಳಿಂದ ಆಗಿರುತ್ತಲ್ಲ, ಅವು ಇದ್ರೂ ಅಲ್ಲಿ ಕಾಣಲ್ಲ.

ಆಯಿಲ್ ಕಂಪನಿಗಳು ಡಬ್ಬದ ಮೇಲೆ ಟಿಬಿಎನ್, ಫಾಸ್ಫರಸ್, ಸಲ್ಫೇಟೆಡ್ ಆ್ಯಶ್ (ಆಯಿಲ್ ಉರಿದ ಮೇಲೆ ಉಳಿಯೋ ಬೂದಿಯ ಅಳತೆ) ಮೂರನ್ನಾದ್ರೂ ಪ್ರಿಂಟ್ ಮಾಡ್ಲಿ. ನೀವೂ ಅಷ್ಟೇ, ಹೋಲಿಕೆ ಟೇಬಲ್ ಹಾಕೋವಾಗ ಗ್ರೇಡ್ ಮತ್ತೆ ಎಪಿಐ ದರ್ಜೆ ಬಿಡ್ಬೇಡಿ, ಜೊತೆಗೆ ಎಂಜಿನ್‌ನಲ್ಲಿ ಓಡಿಸಿ ತೆಗೆದ ಆಯಿಲ್‌ನ ರಿಪೋರ್ಟೂ ಹಾಕಿ. ಅದ್ರಲ್ಲಿ ಎಂಜಿನ್ ಸವೆದು ಕಬ್ಬಿಣ ಎಷ್ಟು ಪಿಪಿಎಂ ಬಂದಿದೆ, ಟಿಬಿಎನ್ ಎಷ್ಟು ಉಳಿದಿದೆ ಅನ್ನೋದು ಹೊಸ ಡಬ್ಬದ ಜಿಂಕ್‌ಗಿಂತ ಎಷ್ಟೋ ಜಾಸ್ತಿ ಹೇಳುತ್ತೆ.

ಇಂತಿ,
ನಿಮ್ಮ ಓದುಗ