ಮಂಗಳವಾರದ ಮಾತ್ರೆ ತಪ್ಪದಂತೆ ನೋಡಿಕೊಂಡವರಿಗೆ

ನನ್ನ ತಮ್ಮ ಮತ್ತೆ ಹಿಟ್ಟಿನ ಗಿರಣಿ ಕೆಲಸಕ್ಕೆ ಹೋಗುತ್ತಿದ್ದಾನೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಚಪ್ಪಲಿ ತಂದ, ಅಳತೆ ಒಂದು ನಂಬರ್ ದೊಡ್ಡದಾಯಿತು. ಅಮ್ಮ ಬದಲಾಯಿಸಲು ಒಪ್ಪಲಿಲ್ಲ, ಹಾಗೇ ಹಾಕಿಕೊಂಡು ಓಡಾಡುತ್ತಿದ್ದಾಳೆ. ಅವನು ಈ ಮಟ್ಟಕ್ಕೆ ಬರಲು ಕಾರಣರಾದವರು ತುಂಬಾ ಜನ. ಅವರಿಗೆಲ್ಲ ನಾಲ್ಕು ಜನರ ಎದುರೇ ಥ್ಯಾಂಕ್ಸ್ ಹೇಳಬೇಕು ಅನಿಸಿತು. ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬೇಡ, ಮಿಕ್ಕಿದ್ದು ಬರಿ" ಅಂದ.

ಅವನಿಗಿರುವುದು ಸ್ಕಿಜೋಫ್ರೇನಿಯಾ, ಇಲ್ಲದ್ದು ಕೇಳಿಸುವ, ಇಲ್ಲದ ಅನುಮಾನ ಕಾಡುವಂಥ ಮನಸ್ಸಿನ ಕಾಯಿಲೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ಮನೋಚೈತನ್ಯ ಯೋಜನೆ ಇದು. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅನ್ನುವುದನ್ನು ದೇಶಕ್ಕೆ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದರು. 1996ರಿಂದ ಅದೇ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು.

ಈ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದುಡ್ಡು ಬರುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಕಂತು ತಡವಾದರೆ ಮೊದಲು ಸಂಬಳ ನಿಲ್ಲುತ್ತದೆ, ಆಮೇಲೆ ಜೀಪಿನ ಡೀಸೆಲ್, ಆಮೇಲೆ ಮಾತ್ರೆ. ನಮ್ಮಲ್ಲಿ ಮೂರೂ ಆಯಿತು.

ಫಾರ್ಮಸಿ ಕಿಟಕಿಯಲ್ಲಿ "ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ" ಅನ್ನುವ ಮಾತು ಶುರುವಾಯಿತು. ಹೊರಗಡೆ ಅಂದರೆ ಎಲ್ಲಿ? ತಮ್ಮನಿಗೆ ಮಾತ್ರೆ ಜೊತೆ ಇಂಜೆಕ್ಷನ್ ಕೂಡ ಬೇಕು, ನಮ್ಮೂರಿನ ಮೆಡಿಕಲ್ ಶಾಪುಗಳಲ್ಲಿ ಅದನ್ನು ಇಡುವುದೇ ಇಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಅಮ್ಮನಿಗೆ ಬಸ್ಸು ಫ್ರೀ, ತಮ್ಮನಿಗೆ ಟಿಕೆಟ್. ಜೊತೆಗೆ ಇಬ್ಬರದೂ ಒಂದು ದಿನದ ಕೂಲಿ ಹೋಗುತ್ತಿತ್ತು. ನಾವು ಹೇಗೋ ನಿಭಾಯಿಸಿದೆವು. ನಿಭಾಯಿಸಲಾಗದ ಕೆಲವು ಮನೆಯವರು ಮಾತ್ರೆಯನ್ನೇ ಬಿಟ್ಟರು. ಅದರಲ್ಲಿ ಒಂದು ಮನೆಯ ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡದೆ ಬೀದಿ ಸುತ್ತಲು ಶುರು ಮಾಡಿದ. ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅದಕ್ಕೆ ಹಾಲು ಕರೆಯುವ ಎಮ್ಮೆ ಮಾರಿದರು. ಬಜೆಟ್ಟಿನಲ್ಲಿ ಉಳಿದ ದುಡ್ಡು ಯಾರ ಕೊಟ್ಟಿಗೆಯಿಂದ ಹೋಯಿತು ನೋಡಿ.

ಆಗ ಕೈ ಹಿಡಿದವರಲ್ಲಿ ಮೊದಲನೆಯವರು ಜಿಲ್ಲಾ ತಂಡದ ಸಮಾಜ ಕಾರ್ಯಕರ್ತೆ ಮೇಡಂ. ತಿಂಗಳುಗಟ್ಟಲೆ ಸಂಬಳ ಇಲ್ಲದಿದ್ದರೂ ಸ್ವಂತ ಸ್ಕೂಟರಿನಲ್ಲಿ ಬರುತ್ತಿದ್ದರು. ಎಲ್ಲರ ಓಪಿ ಪುಸ್ತಕ (ಡಾಕ್ಟರು ಮಾತ್ರೆ ಬರೆದುಕೊಡುವ ಹೊರರೋಗಿ ಪುಸ್ತಕ) ಒಟ್ಟುಮಾಡಿ, ಜಿಲ್ಲಾ ಆಸ್ಪತ್ರೆ ಡಾಕ್ಟರ ಹತ್ತಿರ ಮಾತಾಡಿ, ಎಲ್ಲರ ಮಾತ್ರೆ ತರಲು ಸರದಿಯಲ್ಲಿ ಒಂದೊಂದು ಸಲ ಒಂದು ಮನೆಯವರು ಹೋದರೆ ಸಾಕು ಅನ್ನುವ ವ್ಯವಸ್ಥೆ ಮಾಡಿದ್ದು ಅವರೇ. ಆ ಪುಸ್ತಕಗಳ ಕಟ್ಟು ಇರುತ್ತಿದ್ದದ್ದು ನಮ್ಮ ಆಶಾ ಅಕ್ಕನ ಚೀಲದಲ್ಲಿ. ಅವರ ಪ್ರೋತ್ಸಾಹಧನದ ಪಟ್ಟಿಯಲ್ಲಿ ಈ ಕೆಲಸ ಇತ್ತೋ ಇಲ್ಲವೋ, ಅವರಂತೂ ಕೇಳಲಿಲ್ಲ. ಯಾರ ಪುಸ್ತಕ ತುಂಬಿದೆ, ಯಾರದು ಹರಿದಿದೆ ಎಲ್ಲ ಅವರಿಗೆ ಬಾಯಿಪಾಠ. ಅವರ ಹೆಸರು ಬಂದಾಗಲೆಲ್ಲ ಅಮ್ಮ "ಅವಳ ಹೊಟ್ಟೆ ತಣ್ಣಗಿರಲಿ" ಅನ್ನುತ್ತಾಳೆ.

ಸರದಿಯಲ್ಲಿ ಹೋಗಿ ಬಂದ ಎಲ್ಲ ಮನೆಯವರಿಗೂ ಥ್ಯಾಂಕ್ಸ್. ನಮ್ಮೂರಿನ ಲಾಯರ್ ಹುಡುಗಿಗೆ ವಿಶೇಷವಾಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ತೆಗೆದು ತೋರಿಸಿದ್ದು ಅವಳು. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಪಟ್ಟಿಯ ಮಾತ್ರೆ ಯಾವಾಗಲೂ ಉಚಿತವಾಗಿ ಸಿಗಬೇಕು ಅಂತ ಅದರಲ್ಲೇ ಇದೆ. ಅಲ್ಲಿಯವರೆಗೆ ನಾವೆಲ್ಲ ಕೈಮುಗಿದು ಬೇಡುತ್ತಿದ್ದೆವು. ಆ ಸೆಕ್ಷನ್ ಹಾಕಿ ಅರ್ಜಿ ಕೊಟ್ಟ ಮೇಲೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರು ತಮ್ಮ ಹತ್ತಿರ ಇದ್ದ ಹಣದಲ್ಲೇ ತುರ್ತಿಗೆ ಬೇಕಾದಷ್ಟು ಖರೀದಿ ಮಾಡಿದರು. ಸಮಿತಿಯವರಿಗೂ ನಮಸ್ಕಾರ.

14416ಗೆ ಫೋನ್ ಮಾಡಿದಾಗ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಆ ತಂಗಿಗೂ ಋಣಿ. ತಮ್ಮನಿಗಿಂತ ಜಾಸ್ತಿ ಸಮಾಧಾನ ಬೇಕಾಗಿದ್ದು ಅವತ್ತು ನನಗೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ 2023-24ರ ಕೇಂದ್ರ ಬಜೆಟ್ಟಿನಲ್ಲಿ ಸುಮಾರು 134 ಕೋಟಿ ಇಟ್ಟಿದ್ದರು, ಮರುವರ್ಷ 90 ಕೋಟಿ. ಫೋನ್ ಬೇಕು, ಖಂಡಿತ ಬೇಕು. ಆದರೆ ಇಂಜೆಕ್ಷನ್ ಫೋನಿನಲ್ಲಿ ಕೊಡೋಕಾಗಲ್ಲ, ಅಲ್ವಾ? ಒಂದಕ್ಕೆ ಕೊಟ್ಟೆವು ಅಂತ ಇನ್ನೊಂದಕ್ಕೆ ಕೈ ಬಿಗಿ ಮಾಡಬಾರದು.

ಈಗ ಮಾತ್ರೆ ಬರುತ್ತಿದೆ. ಮೇಡಂ ಸಂಬಳವೂ ಆಗಿದೆಯಂತೆ. ಆದರೂ ಮಾರ್ಚ್ ಬಂತೆಂದರೆ ನಮಗೆಲ್ಲ ದಿಗಿಲು. ಅದಕ್ಕೇ ರಾಜ್ಯ ಬಜೆಟ್ಟಿಗೆ ಮುಂಚೆಯೇ ಶಾಸಕರಿಗೆ ಒಂದು ಅರ್ಜಿ ಕೊಡುತ್ತಿದ್ದೇವೆ. ಸಹಿ ಹಾಕುವವರು ಮಂಗಳವಾರ ಬೆಳಿಗ್ಗೆ ಫಾರ್ಮಸಿ ಸಾಲಿನ ಹತ್ತಿರ ಸಿಗಿ. ಓಪಿ ಪುಸ್ತಕದ ಜೆರಾಕ್ಸ್ ಒಂದು ತನ್ನಿ. ಹೆಸರು ಕಾಣುವುದು ಬೇಡ ಅನ್ನುವವರು ಹೆಸರಿನ ಜಾಗದ ಮೇಲೆ ಕಾಗದ ಇಟ್ಟು ಜೆರಾಕ್ಸ್ ಮಾಡಿಸಿ, ಅಷ್ಟಾದರೂ ನಡೆಯುತ್ತದೆ.